ಮನೆಯವರ ಆರೈಕೆಯ ನಡುವೆ ನನ್ನನ್ನು ನಾನು ಅರಿತುಕೊಳ್ಳೋದು ಹೇಗೆ?

ನಿಮ್ಮ ಪ್ರಶ್ನೆಯ ಕೊನೇ ಸಾಲು ಓದಿ ನನಗೆ ಸುಮ್ಮನಿರಲು ಆಗಲಿಲ್ಲ. ಹುಷಾರಿಲ್ಲದ ಅಮ್ಮನನ್ನು ಒಬ್ಬರೇ ನೋಡಿಕೊಳ್ಳುತ್ತಿದ್ದೀರಿ. ಬೆಳಗ್ಗೆ ಯೋಗ, ರಾತ್ರಿ ಡೈರಿ. ನಿಮ್ಮನ್ನು ನೀವು ಅರಿಯಲು ಡೈರಿ ಸಾಕೋ, ಶಿಬಿರ ಬೇಕೋ, ಕೌನ್ಸೆಲಿಂಗೋ ಅಂತ ಕೇಳಿದ್ದೀರಿ. ಈಗ ಮೌನ ಶಿಬಿರಕ್ಕೆ ಹೋಗಿ, ‘ನನ್ನನ್ನು ನಾನು ಪೂರ್ತಿ ಅರಿತ ಮೇಲೆ ಅಕ್ಕನ ಹತ್ತಿರ ಎಲ್ಲಾ ಮಾತಾಡಿ ಮುಗಿಸುತ್ತೇನೆ’ ಅಂದಿದ್ದೀರಿ. ನಾನೂ ಹೀಗೇ ಲೆಕ್ಕ ಹಾಕಿದ್ದೆ.

ನಮ್ಮದು ಮಂಡ್ಯ ಪಕ್ಕದ ಹಳ್ಳಿ. ಕೆಲಸ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ. ದಿನಾ ರೈಲಿನಲ್ಲಿ ಓಡಾಟ, ವಾರಕ್ಕೊಂದು ಶಿಫ್ಟ್. ಅಪ್ಪನಿಗೆ ಲಕ್ವ ಹೊಡೆದಾಗ ಬಲಗೈ, ಬಲಗಾಲಿನ ಜೊತೆ ಮಾತೂ ಹೋಯಿತು. ಹೆಚ್ಚಿನವರಿಗೆ ಮಾತಿನ ಕೆಲಸ ನಡೆಯೋದು ಮಿದುಳಿನ ಎಡಭಾಗದಲ್ಲಿ, ಬಲಗೈ ಬಲಗಾಲು ಆಡಿಸೋದೂ ಅದೇ ಭಾಗ. ಅದಕ್ಕೇ ಎರಡೂ ಒಟ್ಟಿಗೇ ಕೈಕೊಡುತ್ತವೆ. ಬುದ್ಧಿ ನೆಟ್ಟಗಿತ್ತು, ನಾವು ಹೇಳಿದ್ದು ಅರ್ಥವಾಗುತ್ತಿತ್ತು. ಪದ ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ಅವರಿಗೆ ಸ್ನಾನ ಮಾಡಿಸುವುದು, ಫಿಸಿಯೋಥೆರಪಿಗೆ ಕರೆದುಕೊಂಡು ಹೋಗುವುದು, ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟಾಗ ಕಬ್ಬಿಗೆ ನೀರು ಕಟ್ಟುವುದು, ಎಲ್ಲಾ ನನ್ನ ತಲೆ ಮೇಲೆ. ತಮ್ಮ ಬೆಂಗಳೂರಿನಲ್ಲಿದ್ದ. ತಿಂಗಳಿಗೆ ದುಡ್ಡು ಹಾಕುತ್ತಿದ್ದ.

ಆಗ ನನ್ನ ಬಗ್ಗೆಯೂ ಕಾಳಜಿ ಇರಲಿ ಅಂತ ಏನೇನೋ ಶುರು ಮಾಡಿದೆ. ಪ್ರಾಣಾಯಾಮ, ಸಕ್ಕರೆ ಇಲ್ಲದ ಟೀ, ಧ್ಯಾನದ ಆ್ಯಪ್. ಜೊತೆಗೆ ಒಂದು ಉದ್ದ ನೋಟ್‌ಬುಕ್. ಮಲಗುವ ಮೊದಲು ಅದರಲ್ಲಿ ಒಂದು ಪುಟ ಬರೆಯಲೇಬೇಕು. ‘ನನಗ್ಯಾಕೆ ಇಷ್ಟು ಸಿಟ್ಟು ಬರುತ್ತದೆ?’ ಅಂತ ಮೇಲೆ ಬರೆದು ಕೆಳಗೆ ಉತ್ತರ ಹುಡುಕುತ್ತಿದ್ದೆ. ಉತ್ತರ ದಿನಾ ಒಂದೇ. ತಮ್ಮ ಬರಲಿಲ್ಲ. ತಮ್ಮ ಫೋನ್ ಮಾಡಲಿಲ್ಲ. ಅವನ ಹೆಂಡತಿ ಹಬ್ಬಕ್ಕೆ ಬಂದು ಎರಡು ಗಂಟೆ ಕೂತು ಹೋದಳು. ಆ ಡೈರಿ ಒಬ್ಬನೇ ವಕೀಲ ವಾದ ಮಾಡುವ ಕೋರ್ಟಾಗಿತ್ತು. ಎದುರು ಪಾರ್ಟಿಗೆ ಅಲ್ಲಿ ಬಾಯೇ ಇರಲಿಲ್ಲ.

ನಾನು ಮಾಡಿದ ತಪ್ಪನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ನೀವು ಈಗ ಅದರ ಹೊಸ್ತಿಲಲ್ಲೇ ನಿಂತಿದ್ದೀರಿ ಅಂತ ನನಗೆ ಅನಿಸುತ್ತಿದೆ.

ಉಗಾದಿಗೆ ಸ್ವಲ್ಪ ಮೊದಲು. ಹಗಲು ಅಪ್ಪನ ಜೊತೆ ಆಸ್ಪತ್ರೆ ಸುತ್ತಿ, ಕಣ್ಣು ಮುಚ್ಚದೆ ನೈಟ್ ಶಿಫ್ಟಿಗೆ ಹೋಗಿದ್ದೆ. ಬೆಳಗ್ಗೆ ಮೈಸೂರು ಸ್ಟೇಷನ್ನಿನ ಬೆಂಚಿನ ಮೇಲೆ ಖಾಲಿ ಹೊಟ್ಟೆಗೆ ಟೀ ಕುಡಿಯುತ್ತಾ, ಡೈರಿಯಲ್ಲಿದ್ದದ್ದನ್ನೆಲ್ಲಾ ಒಂದು ಮೆಸೇಜ್ ಮಾಡಿದೆ. ಯಾವ ದಿನ ಯಾವ ಕೆಲಸಕ್ಕೆ ತಮ್ಮ ಇರಲಿಲ್ಲ ಅಂತ ತಾರೀಖಿನ ಸಮೇತ. ಅದನ್ನು ಅವನಿಗೊಬ್ಬನಿಗೇ ಕಳಿಸಿದ್ದರೆ ಮನೆಯೊಳಗೇ ಮುಗಿಯುತ್ತಿತ್ತೇನೋ. ನಾನು ಹಾಕಿದ್ದು ಮನೆಯವರ ವಾಟ್ಸಾಪ್ ಗ್ರೂಪಿಗೆ. ಚಿಕ್ಕಪ್ಪಂದಿರು, ಸೋದರಮಾವ, ಅವನ ಅತ್ತೆ ಮನೆಯವರು, ಎಲ್ಲರೂ ಇರುವ ಗ್ರೂಪ್.

ಕೈತಪ್ಪಿ ಹೋದದ್ದಲ್ಲ ಅದು. ಬೇಕಂತಲೇ ಅಲ್ಲಿ ಹಾಕಿದೆ. ಸಿಟ್ಟಿನಲ್ಲಿ ಹಾಕುತ್ತಿದ್ದೇನೆ ಅಂತ ಆಗ ಅನಿಸಲೂ ಇಲ್ಲ. ತಿಂಗಳುಗಟ್ಟಲೆ ಕೂತು ನನ್ನ ಮನಸ್ಸನ್ನು ಶೋಧಿಸಿದ್ದೇನೆ, ಈಗ ನನಗೆ ನಾನು ಸ್ಪಷ್ಟ ಅನ್ನುವ ಧೈರ್ಯ ಅದು. ಡೈರಿ ಬರೆಯದವನಾಗಿದ್ದರೆ ಒಂದು ಸಲ ಕೂಗಾಡಿ ಸುಮ್ಮನಾಗುತ್ತಿದ್ದೆ. ಅರಿವು ಬಂದಿದೆ ಅಂದುಕೊಂಡಿದ್ದಕ್ಕೇ ಅಷ್ಟು ನೆಟ್ಟಗೆ, ಅಷ್ಟು ಆಳಕ್ಕೆ ಚುಚ್ಚಿದೆ. ಮೆಸೇಜಿನಲ್ಲಿ ಒಂದು ಸಾಲೂ ಸುಳ್ಳಿರಲಿಲ್ಲ. ಎಲ್ಲಾ ನಿಜವೇ ಆಗಿದ್ದರಿಂದ, ಬಿಟ್ಟು ಹೋದ ಸಂಗತಿ ನನ್ನ ಕಣ್ಣಿಗೆ ಬೀಳಲೇ ಇಲ್ಲ.

ರೈಲು ಪಾಂಡವಪುರ ದಾಟುವಷ್ಟರಲ್ಲಿ ಫೋನ್ ಬಂತು. ಅವನು ಕೂಗಾಡಲಿಲ್ಲ. "ಅಣ್ಣ, ಒಂದೇ ಒಂದ್ಸಲ ಬಾ ಅಂತ ಹೇಳಿದ್ಯಾ? ನಾನು ಕೇಳ್ದಾಗೆಲ್ಲ ಇಲ್ಲಿ ಎಲ್ಲಾ ಸರಿಯಾಗೈತೆ, ನೀನ್ ಬಂದು ಏನ್ ಮಾಡ್ತೀಯ ಅಂತಿದ್ದೆ" ಅಂದ. ಇಟ್ಟುಬಿಟ್ಟ.

ಹೌದು, ಅಂದಿದ್ದೆ. ಎಷ್ಟೋ ಸಲ ಅಂದಿದ್ದೆ. ಇಡೀ ಡೈರಿಯಲ್ಲಿ ಆ ಮಾತು ಎಲ್ಲೂ ಇಲ್ಲ. ಒಬ್ಬನೇ ಎಲ್ಲಾ ಹೊರುವ ದೊಡ್ಡ ಮಗ ಅನ್ನಿಸಿಕೊಳ್ಳುವುದು ನನಗೆ ಒಳಗೊಳಗೇ ಇಷ್ಟವಾಗಿತ್ತು. ಅದೂ ಡೈರಿಯಲ್ಲಿ ಇರಲಿಲ್ಲ.

ಆ ವರ್ಷ ಅವನು ಹೊಸತೊಡಕಿಗೆ, ಅಂದರೆ ಉಗಾದಿ ಮಾರನೇ ದಿನದ ಬಾಡೂಟಕ್ಕೆ, ಬರಲಿಲ್ಲ. ನಮ್ಮ ಕಡೆ ಉಗಾದಿಗೆ ಬರದಿದ್ದರೂ ನಡೆದೀತು, ಹೊಸತೊಡಕಿಗೆ ಬಾರದೆ ಇರುವುದು ಅಂದರೆ ಊರಿಗೆಲ್ಲಾ ಗೊತ್ತಾದ ಹಾಗೆ. ಊಟಕ್ಕೆ ಕೂತಾಗ ಅಪ್ಪ ಎಲೆ ಮುಟ್ಟದೆ, ಬಾಯಿ ಅತ್ತಿತ್ತ ತಿರುಗಿಸಿ ಕಷ್ಟಪಟ್ಟು "ಚಿಕ್ಕೋನು?" ಅಂದರು. ಅಷ್ಟು ತಿಂಗಳಲ್ಲಿ ಅವರ ಬಾಯಿಂದ ಸ್ಪಷ್ಟವಾಗಿ ಬಂದ ಕೆಲವೇ ಪದಗಳಲ್ಲಿ ಅದೂ ಒಂದು.

ಆಮೇಲೆ ನಾನು ನನ್ನನ್ನು ನಿಜವಾಗಿ ನೋಡಿಕೊಂಡಿದ್ದು ಡೈರಿಯಲ್ಲೂ ಅಲ್ಲ, ಧ್ಯಾನದಲ್ಲೂ ಅಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಲ್ಲಿ ಶುರುವಾದದ್ದು. ಅಪ್ಪನನ್ನು ಮಾತಿನ ಥೆರಪಿಗೆ ಅಲ್ಲಿಗೆ ಕರೆದೊಯ್ಯುತ್ತಿದ್ದೆ. ಅಭ್ಯಾಸ ಹೇಗೆ ಮಾಡಿಸುತ್ತೀರಿ ಅಂತ ಮನೆಯಲ್ಲಿ ಒಂದು ವಿಡಿಯೋ ಮಾಡಿ ತನ್ನಿ ಅಂದರು. ಮೊಬೈಲನ್ನು ಕಿಟಕಿ ಮೇಲಿಟ್ಟು ಮಾಡಿದೆ. ಅಲ್ಲಿ ಅದನ್ನು ಹಾಕಿ ನೋಡಿದರೆ, ಅಪ್ಪನಿಗೆ ಲೋಟ ತೋರಿಸಿ "ಇದೇನು?" ಅನ್ನುತ್ತೇನೆ. ಅಪ್ಪನ ತುಟಿ ಅಲ್ಲಾಡುತ್ತದೆ. ಅಷ್ಟರಲ್ಲೇ "ಲೋಟ, ಲೋಟ ಅನ್ನಿ" ಅಂತ ನಾನೇ ಹೇಳಿಬಿಡುತ್ತೇನೆ. ಚಮಚಕ್ಕೂ ಹಾಗೇ. ಬಾಚಣಿಗೆಗೂ ಹಾಗೇ. ಒಂದಕ್ಕೂ ಅವರ ಬಾಯಿಂದ ಪದ ಹೊರಬರಲು ಬಿಟ್ಟಿಲ್ಲ. ಬಹಳ ತಾಳ್ಮೆಯಿಂದ ಮಾಡಿಸುತ್ತಿದ್ದೇನೆ ಅಂತ ನಾನು ನಂಬಿದ್ದ ಹೊತ್ತದು.

ಥೆರಪಿ ಮಾಡುತ್ತಿದ್ದ ಮೇಡಂ ಬೈಯಲಿಲ್ಲ. "ಕೇಳಿದ ಮೇಲೆ ಕಾಯಿರಿ. ಅವರ ಪದ ನೀವು ಮುಗಿಸಬೇಡಿ" ಅಂದರು. ಮಾತು ಕಳಕೊಂಡವರ ಮನೆಯವರಿಗೆಲ್ಲಾ ಹೇಳುವ ಮಾತೇ ಅದು. ನನಗೆ ಮಾತ್ರ ತಮ್ಮನ ನೆನಪಾಯಿತು. ಅವನ ಉತ್ತರವನ್ನೂ ಹೀಗೇ ನಾನೇ ಹೇಳಿ ಮುಗಿಸುತ್ತಿದ್ದೆ ಅಲ್ವಾ!

ಮನಶ್ಶಾಸ್ತ್ರದವರು 1970ರ ದಶಕದಲ್ಲೇ ಇಂಥ ಪ್ರಯೋಗ ಮಾಡಿದ್ದರು. ಕನ್ನಡಿ ಮುಂದೆ ಕೂರಿಸಿದರೆ, ತನ್ನದೇ ಧ್ವನಿಯ ರೆಕಾರ್ಡಿಂಗ್ ಕೇಳಿಸಿದರೆ, ಮನುಷ್ಯ ತಾನು ಹೇಗಿರಬೇಕು ಅಂದುಕೊಂಡಿದ್ದಾನೋ ಅದರ ಜೊತೆ ತನ್ನನ್ನು ಹೋಲಿಸಿ ನೋಡಲು ಶುರು ಮಾಡುತ್ತಾನೆ. ಇನ್ನೊಂದು ವಿಷಯ. ತನ್ನ ಬಗ್ಗೆ ಕುತೂಹಲದಿಂದ ಯೋಚಿಸುವುದು ಬೇರೆ, ನೋವನ್ನೇ ಮೆಲುಕು ಹಾಕುವುದು ಬೇರೆ. ಎರಡನ್ನೂ ಬೇರೆ ಬೇರೆಯಾಗಿ ಅಳೆಯುವ ಪ್ರಶ್ನಾವಳಿ 1999ರಲ್ಲೇ ಬಂದಿದೆ. ಮೆಲುಕು ಹಾಕುವುದು ಜಾಸ್ತಿಯಾದಷ್ಟೂ ಖಿನ್ನತೆ ಎಳೆಯುತ್ತದೆ. ನನ್ನ ಡೈರಿ ಪೂರ್ತಿ ಮೆಲುಕೇ.

ಹಾಗಾಗಿ ಶಿಬಿರವೋ ಡೈರಿಯೋ ಕೌನ್ಸೆಲಿಂಗೋ ಅಂತ ತೂಗಿ ನೋಡುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಿಮ್ಮನ್ನು ದಿನಾ ನೋಡುವವರು ಮನೆಯಲ್ಲೇ ಇದ್ದಾರೆ, ಅವರನ್ನು ಕೇಳಿ. ನಾನು ಹೆಂಡತಿಯನ್ನು ಕೇಳಿದೆ, "ನನಗೆ ಸಿಟ್ಟು ಬಂದಿದೆ ಅಂತ ನಿನಗೆ ಮೊದಲು ಹೇಗೆ ಗೊತ್ತಾಗುತ್ತೆ?" ಅಂತ. ಅವಳು ಯೋಚನೆ ಕೂಡ ಮಾಡಲಿಲ್ಲ. "ಟಿಫನ್ ಕ್ಯಾರಿಯರ್ ಸಿಂಕಿಗೆ ಹಾಕೋ ಸದ್ದಲ್ಲೇ ಗೊತ್ತಾಯ್ತದೆ ಕಣ್ರೀ. ಆಗ್ಲೇ ಮಗ ಪುಸ್ತಕ ಎತ್ಕೊಂಡು ಹಿತ್ಲಿಗೆ ಹೋಗ್ತಾನೆ." ನನ್ನ ಸಿಟ್ಟು ಮನೆಯವರಿಗೆಲ್ಲಾ ಗೊತ್ತು, ನನಗೊಬ್ಬನಿಗೇ ಗೊತ್ತಿರಲಿಲ್ಲ. ನೀವು ಕೇಳಿದಾಗಲೂ ಚುಚ್ಚುವ ಉತ್ತರವೇ ಬರಬಹುದು. ಎದುರು ಮಾತಾಡಬೇಡಿ. ಒಂದು ಸಲ ವಾದಕ್ಕಿಳಿದರೆ ಮುಂದೆ ಯಾರೂ ನಿಜ ಹೇಳುವುದಿಲ್ಲ.

ಡೈರಿ ಬಿಡಬೇಡಿ, ಬರೆಯುವ ರೀತಿ ಬದಲಾಯಿಸಿ. ‘ಯಾಕೆ’ ಅಂತ ಬರೆಯುವುದನ್ನು ನಿಲ್ಲಿಸಿ. ರಾತ್ರಿ ಎಷ್ಟು ಹೊತ್ತು ನಿದ್ದೆ ಬಂತು, ಎಷ್ಟೊತ್ತಿಗೆ ಊಟ ಆಯಿತು, ಮೈ ಎಲ್ಲಿ ಬಿಗಿಯಾಗಿತ್ತು, ನೀವು ಆಡಿದ ಮಾತು ಏನು. ನಿಮ್ಮ ಮಾತನ್ನು ಆಡಿದ ಹಾಗೇ ಬರೆಯಿರಿ, ಸರಿ ಮಾಡಬೇಡಿ. ಅಕ್ಕನ ಬಗ್ಗೆ ಒಂದಕ್ಷರ ಬೇಡ. ನಾನು ಹೀಗೆ ಬರೆಯಲು ಶುರು ಮಾಡಿದ ಮೇಲೆ ಒಂದು ವಿಷಯ ಕಣ್ಣಿಗೆ ಹೊಡೆಯಿತು. ನನ್ನ ಕೆಟ್ಟ ಮಾತುಗಳು ಜಾಸ್ತಿ ಬರುತ್ತಿದ್ದದ್ದು ನೈಟ್ ಶಿಫ್ಟ್ ವಾರದಲ್ಲಿ.

ನಿದ್ದೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 1997ರಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದ ಅಧ್ಯಯನದಲ್ಲಿ, ಒಂದೇ ಸಮ 17 ಗಂಟೆ ಎದ್ದಿದ್ದವರ ಚುರುಕು ರಕ್ತದಲ್ಲಿ ಶೇ 0.05 ಮದ್ಯ ಇರುವವರಷ್ಟಕ್ಕೆ ಇಳಿದಿತ್ತು. ನಮ್ಮಲ್ಲಿ ಗಾಡಿ ಓಡಿಸುವವರಿಗೆ ಕಾನೂನು ಬಿಡುವುದೇ ಶೇ 0.03. ನಾನು ಆ ಬೆಂಚಿನ ಮೇಲೆ ಕೂತಿದ್ದಾಗ ಹತ್ತಿರ ಹತ್ತಿರ ಒಂದು ದಿನವೇ ನಿದ್ದೆಗೆಟ್ಟಿದ್ದೆ. ಆ ಸ್ಥಿತಿಯಲ್ಲಿ ಸ್ಕೂಟರ್ ಮುಟ್ಟುತ್ತಿರಲಿಲ್ಲ. ಒಡಹುಟ್ಟಿದವನ ಜೊತೆಗಿನ ಸಂಬಂಧ ಮುಟ್ಟಿದೆ. ಅಮ್ಮನಿಗಾಗಿ ರಾತ್ರಿ ಎದ್ದೆದ್ದು ಕೂರುತ್ತೇನೆ ಅಂದಿದ್ದೀರಿ. ಅದರ ಮೇಲೆ ಬೆಳಗ್ಗೆ ಐದಕ್ಕೆ ಎದ್ದು ಯೋಗ ಬೇಡ. ಆ ಹೊತ್ತು ಮಲಗಿ.

ಎರಡು ವಾರದಿಂದ ನಿದ್ದೆ ಸರಿಯಿಲ್ಲ, ಯಾವುದರಲ್ಲೂ ಮನಸ್ಸಿಲ್ಲ, ಬದುಕೇ ಬೇಡ ಅನಿಸುತ್ತದೆ ಅನ್ನುವಂತಿದ್ದರೆ ಇದ್ಯಾವುದೂ ಸಾಲದು. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ. 2022ರ ಅಕ್ಟೋಬರಿನಿಂದ ನಡೆಯುತ್ತಿದೆ, ನಂಬರ್ 14416. ಹಗಲು ರಾತ್ರಿ ಯಾವಾಗಲಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮಂಡ್ಯದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಮಿಮ್ಸ್‌ನಲ್ಲಿ ಮನೋವೈದ್ಯಕೀಯ ವಿಭಾಗವೂ ಇದೆ. ನಾನು ಹೋಗಬೇಕಿತ್ತು, ಹೋಗದೆ ತಡ ಮಾಡಿದೆ.

ತಮ್ಮ ಈಗ ಬರುತ್ತಾನೆ. ಭಾನುವಾರ ಬಂದು ಅಪ್ಪನಿಗೆ ಅವನೇ ಸ್ನಾನ ಮಾಡಿಸುತ್ತಾನೆ. ಅವನ ಅತ್ತೆ ಮನೆಯವರು ಮಾತ್ರ ಇವತ್ತಿಗೂ ನಮ್ಮ ಮನೆ ಮೆಟ್ಟಿಲು ಹತ್ತಿಲ್ಲ. ಗ್ರೂಪಿನಿಂದ ಮೆಸೇಜ್ ಅಳಿಸಿದೆ, ಓದಿದವರ ಮನಸ್ಸಿನಿಂದ ಅಳಿಸಲಾಗಲಿಲ್ಲ.

ಅಕ್ಕನ ಜೊತೆ ‘ಎಲ್ಲಾ ಮಾತಾಡಿ ಮುಗಿಸುವ’ ಯೋಚನೆ ದಯವಿಟ್ಟು ಬಿಡಿ. ನಿದ್ದೆ ಆದ ಒಂದು ಬೆಳಗ್ಗೆ, ಹೊಟ್ಟೆ ತುಂಬಾ ತಿಂಡಿ ತಿಂದು, ಅವರೊಬ್ಬರಿಗೇ ಫೋನ್ ಮಾಡಿ. "ಅಕ್ಕ, ಶನಿವಾರ ರಾತ್ರಿ ಅಮ್ಮನ ಹತ್ತಿರ ನೀನು ಮಲಗ್ತೀಯಾ? ನನಗೆ ಆಗ್ತಿಲ್ಲ" ಅಂತ ಇಷ್ಟೇ ಕೇಳಿ. ಕೇಳಿದ ಮೇಲೆ ಕಾಯಿರಿ. ಅವರು ಸ್ವಲ್ಪ ಹೊತ್ತು ಸುಮ್ಮನಾದರೂ ‘ಪರವಾಗಿಲ್ಲ ಬಿಡು, ನಾನೇ ನೋಡ್ಕೊಳ್ತೀನಿ’ ಅಂತ ಮಾತ್ರ ಹೇಳಿಬಿಡಬೇಡಿ.