ಅಂಕಿತವಿಲ್ಲದ ಹಾಡುಗಳ ಕರ್ತೃ ಯಾರು? – ತಿಪಟೂರಿನ ಓದುಗರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಕೆನಡಾದ ವೊಲಾಸ್ತೊಕಿಯಿಕ್ ಎಂಬ ಮೂಲನಿವಾಸಿ ಸಮುದಾಯದ ಗಾಯಕ ಜೆರೆಮಿ ಡಚರ್ ಅವರ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ನೀವು ಬರೆದ ದೀರ್ಘ ಪತ್ರ ತಲುಪಿದೆ. ಉಳಿದ ಓದುಗರ ಅನುಕೂಲಕ್ಕಾಗಿ ನಿಮ್ಮ ಆಕ್ಷೇಪಗಳನ್ನು ಇಲ್ಲಿ ಸಂಗ್ರಹಿಸುತ್ತೇನೆ. ಯಾವುದೋ ಕಾಲದಲ್ಲಿ ಯಾರೋ ಹಾಡಿದ್ದನ್ನು ವಸ್ತುಸಂಗ್ರಹಾಲಯದಿಂದ ಎತ್ತಿ ತಂದು ಪಿಯಾನೊ ಜೊತೆಗೆ ಹಾಡುವವರನ್ನು ಗೀತರಚನಕಾರರೆಂದು ಕರೆಯುವುದು ಸರಿಯಲ್ಲ ಎಂಬುದು ಮೊದಲನೆಯದು. ಕೆಲವೇ ಜನ ಬಲ್ಲ ನುಡಿಯಲ್ಲಿ ಇಡೀ ಆಲ್ಬಮ್ ಹಾಡಿದರೆ ಕೇಳುಗರನ್ನು ಹೊಸ್ತಿಲಾಚೆ ನಿಲ್ಲಿಸಿದಂತಾಗುತ್ತದೆ ಎಂಬುದು ಎರಡನೆಯದು. ಪ್ರಶಸ್ತಿಯಿಂದ ಎದ್ದು ನಿಂತ ವೃತ್ತಿಯನ್ನು ‘ಸ್ವತಂತ್ರ’ ಎಂದು ಬರೆದದ್ದು ಉತ್ಪ್ರೇಕ್ಷೆ ಎಂಬುದು ಕೊನೆಯದು.

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳಬೇಕು. ಲೇಖನದ ತಲೆಬರಹದಲ್ಲಿ ‘ಜಾನಪದ ಗಾಯಕ’ ಎಂದೂ ಒಳಗೆ ‘ಗೀತರಚನಕಾರ’ ಎಂದೂ ಅಚ್ಚಾಗಿತ್ತು. ನಿಮ್ಮ ಗೊಂದಲಕ್ಕೆ ಅದೇ ಅರ್ಧ ಕಾರಣ. ತಲೆಬರಹ ಕೊಟ್ಟವನು ನಾನು, ಲೇಖಕರಲ್ಲ. ಅದನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೆ ಒಳಗಿನ ಪದದ ಪರವಾಗಿ ವಾದಿಸುತ್ತೇನೆ.

ಆ ಹಾಡುಗಳು ವಸ್ತುಸಂಗ್ರಹಾಲಯಕ್ಕೆ ಹೋದ ಬಗೆಯನ್ನು ತಿಳಿಯದೆ ಅವು ಹಿಂದಿರುಗಿದ ಬಗೆಯನ್ನು ಅಳೆಯಲಾಗದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿಲಿಯಂ ಮೆಕ್ಲಿಂಗ್ ಎಂಬ ಮಾನವಶಾಸ್ತ್ರಜ್ಞ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ವೊಲಾಸ್ತೊಕಿಯಿಕ್ ಜನರ ನಡುವೆ ಓಡಾಡಿ, ಅವರ ಹಾಡುಗಳನ್ನು ಮೇಣದ ಉರುಳೆಗಳ ಮೇಲೆ ಧ್ವನಿಮುದ್ರಿಸಿಕೊಂಡರು. ಹಾಡುವವರು ತುತ್ತೂರಿಯಂಥ ಕೊಳವೆಯ ಮುಂದೆ ಬಾಯಿಟ್ಟು ಹಾಡಬೇಕಿತ್ತು. ದನಿಯ ಕಂಪನದಿಂದ ಅದುರುವ ಸೂಜಿ, ತಿರುಗುವ ಮೇಣದ ಮೇಲೆ ಗೀರು ಕೊರೆಯುತ್ತಿತ್ತು. ಒಂದು ಉರುಳೆಯಲ್ಲಿ ಕೆಲವು ನಿಮಿಷಗಳಷ್ಟೇ ಹಿಡಿಯುತ್ತಿದ್ದವು, ಹಾಡಿನ ಉಳಿದ ಭಾಗ ಹಾಡಿದವರ ಬಳಿಯೇ ಉಳಿಯುತ್ತಿತ್ತು. ಪ್ರತಿ ಸಲ ನುಡಿಸಿದಾಗಲೂ ಸೂಜಿ ಆ ಗೀರನ್ನು ಇನ್ನಷ್ಟು ಸವೆಸುತ್ತಿತ್ತು. ಅದೇ ಕಾಲದಲ್ಲಿ ಕೆನಡಾದ ‘ಇಂಡಿಯನ್ ಆಕ್ಟ್’ ಮೂಲನಿವಾಸಿಗಳ ಆಚರಣೆಗಳ ಮೇಲೆ ನಿಷೇಧ ಹೇರಿತ್ತು ಎಂಬುದನ್ನು ನೆನಪಿಡಬೇಕು. 1884ರ ತಿದ್ದುಪಡಿಯಲ್ಲಿ ಪಶ್ಚಿಮ ಕರಾವಳಿಯ ಪಾಟ್‌ಲ್ಯಾಚ್ ಎಂಬ, ಉಡುಗೊರೆ ಹಂಚುವ ಔತಣದ ವಿಧಿಯಿಂದ ಆರಂಭವಾದ ಈ ನಿರ್ಬಂಧ ಮುಂದೆ ವಿಸ್ತಾರಗೊಂಡು, 1951ರಲ್ಲಷ್ಟೇ ಕಾಯ್ದೆಯಿಂದ ಹೊರಬಿತ್ತು. ಮಕ್ಕಳನ್ನು ಮನೆಯಿಂದ ಕಿತ್ತು ವಸತಿಶಾಲೆಗಳಿಗೆ ಒಯ್ದು, ತಾಯ್ನುಡಿ ಆಡಿದ್ದಕ್ಕೆ ಶಿಕ್ಷಿಸಿದ ಕಾಲವೂ ಇದೇ. ಅಂದರೆ ಪ್ರಭುತ್ವವು ಒಂದು ಕೈಯಿಂದ ಹಾಡುವವರ ಬಾಯಿ ಮುಚ್ಚಿಸುತ್ತಿದ್ದಾಗ ವಿದ್ವಾಂಸರು ಆ ಹಾಡುಗಳನ್ನು ಕಪಾಟಿನಲ್ಲಿ ಇಡುತ್ತಿದ್ದರು. ಹಾಡು ಸಿಕ್ಕಿತು, ಆದರೆ ಹಾಡಿದವರ ಮೊಮ್ಮಕ್ಕಳಿಗೆ ಸಿಗಲಿಲ್ಲ.

ಆ ಉರುಳೆಗಳಿರುವ ಸಂಗತಿಯನ್ನು ಡಚರ್ ಅವರಿಗೆ ತಿಳಿಸಿದವರು ಮ್ಯಾಗಿ ಪಾಲ್ ಎಂಬ ಹಿರಿಯ ಹಾಡುಗಾರ್ತಿ. ಡಚರ್ ನೆಕೊತ್ಕುಕ್ ಅಥವಾ ಟೋಬಿಕ್ ಎಂಬ ನೆಲೆಗೆ ಸೇರಿದವರು. ಹ್ಯಾಲಿಫ್ಯಾಕ್ಸ್‌ನ ಡಲ್‌ಹೌಸಿ ವಿಶ್ವವಿದ್ಯಾಲಯದಲ್ಲಿ ಸಂಗೀತವನ್ನೂ ಮಾನವಶಾಸ್ತ್ರವನ್ನೂ ಓದಿದವರು. ಪಾಶ್ಚಾತ್ಯ ಶಾಸ್ತ್ರೀಯ ಪದ್ಧತಿಯಲ್ಲಿ ಟೆನರ್ ಎಂಬ, ಗಂಡಸರ ಎತ್ತರದ ಸ್ಥಾಯಿಯ ದನಿಯನ್ನು ಪಳಗಿಸಿಕೊಂಡವರು. ಗ್ಯಾಟಿನೋ ನಗರದಲ್ಲಿರುವ ಕೆನಡಾ ಇತಿಹಾಸ ವಸ್ತುಸಂಗ್ರಹಾಲಯದಲ್ಲಿ ಕುಳಿತು, ಕರಕರ ಸದ್ದಿನ ಹಿಂದೆ ಅಡಗಿದ ದನಿಗಳನ್ನು ಅವರು ವರ್ಷಗಟ್ಟಲೆ ಕೇಳಿದರು, ಸ್ವರಗಳನ್ನು ಬರೆದುಕೊಂಡರು. ಆ ದುಡಿಮೆಯ ಫಲವೇ 2018ರ ಏಪ್ರಿಲ್‌ನಲ್ಲಿ ಅವರು ಯಾವ ದೊಡ್ಡ ಕಂಪನಿಯನ್ನೂ ನೆಚ್ಚಿಕೊಳ್ಳದೆ ಹೊರತಂದ ‘ವೊಲಾಸ್ತೊಕಿಯಿಕ್ ಲಿಂತುವಾಗೊನಾವಾ’, ಅಂದರೆ ‘ವೊಲಾಸ್ತೊಕಿಯಿಕ್ ಜನರ ಹಾಡುಗಳು’.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಆ ಆಲ್ಬಮ್ಮಿನಲ್ಲಿ ಹಳೆಯ ಧಾಟಿ ಇದೆ, ಕೆಲವೆಡೆ ಮೇಣದಿಂದ ಎತ್ತಿದ ಹಳೆಯ ದನಿಯೇ ಇದೆ. ಆದರೆ ಅದರ ಕೆಳಗೆ ಹಾಸಿರುವ ಪಿಯಾನೊ, ತಂತಿವಾದ್ಯಗಳ ನೇಯ್ಗೆ, ಎಲ್ಲಿ ಪೂರ್ವಿಕರನ್ನು ಒಂಟಿಯಾಗಿ ಹಾಡಲು ಬಿಡಬೇಕು, ಎಲ್ಲಿ ತನ್ನ ದನಿಯನ್ನು ಕೂಡಿಸಬೇಕು, ನಿಮಿಷಗಳಿಗೇ ಕಡಿದುಹೋದ ಪಲುಕನ್ನು ಎಲ್ಲಿಯವರೆಗೆ ಬೆಳೆಸಬೇಕು ಎಂಬ ನಿರ್ಧಾರಗಳೆಲ್ಲ ಡಚರ್ ಅವರವು. ನೂರು ವರ್ಷಗಳ ಹಿಂದೆ ಹಾಡಿದವರೊಬ್ಬರಿಗೆ ಇಂದಿನವರೊಬ್ಬರು ಹಾಡಿನಲ್ಲೇ ಮಾರುತ್ತರ ಕೊಟ್ಟಂತಿದೆ ಅದು. ಪತ್ರಕ್ಕೆ ಬರೆದ ಉತ್ತರವನ್ನು ಪತ್ರದ ನಕಲು ಎಂದು ಯಾರೂ ಕರೆಯುವುದಿಲ್ಲ.

ಕನ್ನಡದ ಓದುಗರಾದ ನಮಗೆ ಈ ಸಂದೇಹ ಹುಟ್ಟುವುದು ಸಹಜ ಎಂದು ನನಗೆ ತೋರುತ್ತದೆ. ಪುರಂದರದಾಸರ ಪದಗಳನ್ನು ನಾವು ಇಂದು ಕೇಳುವ ರಾಗಗಳಲ್ಲಿ ಬಹುಪಾಲು ಅನಂತರದವರು ಕೂಡಿಸಿದವು; ಮೂಲದ ಮಟ್ಟುಗಳು ಹೆಚ್ಚಾಗಿ ಉಳಿದಿಲ್ಲ. ಆದರೂ ಅಂಕಿತ ಕೇಳಿದೊಡನೆ ಕರ್ತೃ ಯಾರೆಂಬ ಪ್ರಶ್ನೆ ನಮ್ಮ ಪಾಲಿಗೆ ಮುಗಿದುಹೋಗುತ್ತದೆ, ರಾಗ ಕೂಡಿಸಿದ ಮಹನೀಯರ ಹೆಸರನ್ನು ನಾವು ವಿಚಾರಿಸುವುದೂ ಇಲ್ಲ. ಇದು ನಮ್ಮ ಅಭ್ಯಾಸ, ಮತ್ತು ನನ್ನ ಅಭಿಪ್ರಾಯದಲ್ಲಿ ಒಂದು ಅನ್ಯಾಯ ಕೂಡ. ವೊಲಾಸ್ತೊಕಿಯಿಕ್ ಹಾಡುಗಳಿಗೆ ಅಂಕಿತವಿಲ್ಲ. ಅಲ್ಲಿ ದೋಣಿ ನಡೆಸುವಾಗಿನ ಹಾಡಿದೆ, ಮದುವೆಯ ಹಾಡಿದೆ, ಸಾವಿನ ಹಾಡಿದೆ. ಅವು ಸಮುದಾಯದ ಸ್ವತ್ತು, ಡಚರ್ ಅವುಗಳನ್ನು ತಮ್ಮದೆಂದು ಎಲ್ಲಿಯೂ ಹೇಳಿಕೊಂಡಿಲ್ಲ. ಆಲ್ಬಮ್ಮಿನ ಹೆಸರೇ ಅದು ಯಾರ ಹಾಡು ಎಂಬುದನ್ನು ಸಾರುತ್ತದೆ. ಅದರಲ್ಲಿ ಮ್ಯಾಗಿ ಪಾಲ್ ಅವರ ಮಾತಿನ ದನಿಯೂ ಇದೆ: ಹಾಡುಗಳನ್ನು ಮರಳಿ ತಂದರೆ ಕುಣಿತಗಳು ಮರಳುತ್ತವೆ, ಜನರೂ ಮರಳುತ್ತಾರೆ ಎಂಬುದು ಆ ಹಿರಿಯರ ನಂಬಿಕೆ.

ನುಡಿಯ ವಿಷಯಕ್ಕೆ ಬಂದರೆ, ಆಲ್ಬಮ್ ಹೊರಬಂದ ಸಮಯದಲ್ಲಿ ತಮ್ಮ ನುಡಿಯನ್ನು ಸರಾಗವಾಗಿ ಆಡುವವರು ನೂರಕ್ಕಿಂತ ಕಡಿಮೆ ಎಂದು ಡಚರ್ ಹೇಳುತ್ತಿದ್ದರು. ನೀವು ಈ ಸಂಖ್ಯೆಯನ್ನು ‘ಹಾಗಾದರೆ ಯಾರಿಗಾಗಿ ಹಾಡುವುದು’ ಎಂದು ಕೇಳಲು ಬಳಸಿದ್ದೀರಿ. ನಾನು ಅದನ್ನು ಬೇರೆ ರೀತಿಯಲ್ಲಿ ಓದುತ್ತೇನೆ. ಆ ಜನರ ನದಿಗೆ ಅವರ ಮಾತಿನಲ್ಲಿ ‘ವೊಲಾಸ್ತೊಕ್’ ಎಂದು ಹೆಸರು, ಸುಂದರವೂ ಸಮೃದ್ಧವೂ ಆದ ಹೊಳೆ ಎಂದು ಅರ್ಥ. ಅದರಿಂದಲೇ ‘ವೊಲಾಸ್ತೊಕಿಯಿಕ್’, ಆ ಹೊಳೆಯ ಜನ. 1604ರ ಜೂನ್ 24ರಂದು, ಸಂತ ಜಾನರ ಹಬ್ಬದ ದಿನ, ನದೀಮುಖಕ್ಕೆ ಬಂದ ಫ್ರೆಂಚ್ ನಾವಿಕ ಶಾಂಪ್ಲೇನ್ ಅದನ್ನು ಸೇಂಟ್ ಜಾನ್ ನದಿಯಾಗಿಸಿದರು. ಜನರಿಗಂತೂ ‘ಮ್ಯಾಲಿಸೀಟ್’ ಎಂಬ ಹೆಸರು ಅಂಟಿಕೊಂಡಿತು. ಅದು ನೆರೆಯ ಮಿಗ್‌ಮಾ ಜನರ ನುಡಿಯಿಂದ ಬಂದದ್ದು, ತಡವರಿಸಿ ಮಾತಾಡುವವರು ಎಂಬ ಅರ್ಥದ್ದು. ನದಿಯ ಹೆಸರನ್ನೂ ತನ್ನ ಹೆಸರನ್ನೂ ಬೇರೆಯವರ ಬಾಯಿಂದ ಪಡೆಯಬೇಕಾಗಿ ಬಂದ ಸಮುದಾಯದ ಹುಡುಗನೊಬ್ಬ, ತನ್ನ ಮೊದಲ ಆಲ್ಬಮ್ಮನ್ನು ಮೊದಲು ತನ್ನ ಜನರಿಗಾಗಿಯೇ ಹಾಡುತ್ತೇನೆ ಎಂದರೆ ಅದನ್ನು ಹಟ ಎನ್ನಲು ನನಗೆ ಮನಸ್ಸು ಬಾರದು. ಹೊಸ್ತಿಲಾಚೆ ನಿಂತ ನಮಗೂ ದನಿ ಕೇಳಿಸುತ್ತಿದೆಯಲ್ಲ. ಅರ್ಥವಾಗದಿರುವ ಇರುಸುಮುರುಸನ್ನು ಒಂದು ಗಂಟೆ ನಾವು ಹೊರಬಹುದು.

ಸ್ವಾತಂತ್ರ್ಯದ ಪ್ರಶ್ನೆಯೂ ಇಲ್ಲಿಗೇ ಸೇರುತ್ತದೆ. ಕೆನಡಾದ ವಾಣಿಜ್ಯ ರೇಡಿಯೊ ಕೇಂದ್ರಗಳು ಸ್ವದೇಶದ ಸಂಗೀತಕ್ಕೆ ಇಂತಿಷ್ಟು ಪಾಲು ಕೊಡಲೇಬೇಕೆಂಬ ನಿಯಮ 1971ರಿಂದ ಇದೆ. ಜನಪ್ರಿಯ ಸಂಗೀತದಲ್ಲಿ ಆ ಪಾಲು 35 ಶೇಕಡಾವರೆಗೆ ಏರಿತು. ಫ್ರೆಂಚ್ ಕೇಂದ್ರಗಳಲ್ಲಿ ಫ್ರೆಂಚ್ ಹಾಡುಗಳಿಗೆ ಪ್ರತ್ಯೇಕ ರಕ್ಷಣೆ ಉಂಟು. ಡಚರ್ ಅವರ ಆಲ್ಬಮ್ ಬಂದಾಗ ಮೂಲನಿವಾಸಿ ನುಡಿಗಳಿಗೆ ಅಂಥ ಪಾಲು ಇರಲಿಲ್ಲ. ರೇಡಿಯೊದಲ್ಲಿ ಬರಬೇಕಾದರೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಸೇರಿಸಿ ಎಂದು ಕೇಳುವ ಹಕ್ಕು ಯಾರಿಗೂ ಇರಬಾರದೆಂದರೆ ಆಲ್ಬಮ್ ಅವರ ಕೈಯಲ್ಲೇ ಉಳಿಯಬೇಕಿತ್ತು. ಇನ್ನು ಪ್ರಶಸ್ತಿ: 2018ರ ಸೆಪ್ಟೆಂಬರಿನಲ್ಲಿ ಅವರಿಗೆ ಬಂದ ಪೊಲಾರಿಸ್ ಪ್ರಶಸ್ತಿಯ ಮೊತ್ತ 50,000 ಕೆನಡಾ ಡಾಲರ್, ಮತ್ತು ಅದು ವರ್ಷದ ಶ್ರೇಷ್ಠ ಕೆನಡಾ ಆಲ್ಬಮ್ಮಿಗೆ, ಮಾರಾಟದ ಅಂಕಿಯನ್ನಾಗಲಿ ಕಂಪನಿಯ ಹೆಸರನ್ನಾಗಲಿ ಲೆಕ್ಕಿಸದೆ ಕೊಡುವಂಥದ್ದು. ಪ್ರಶಸ್ತಿ ಬಂದದ್ದು ಹಾಡಿನ ನಂತರ. ಹಾಡಿದಾಗ ಅದರ ಭರವಸೆ ಇರಲಿಲ್ಲ. ಮರುವರ್ಷ ಕೆನಡಾದ ಸಂಗೀತೋದ್ಯಮ ಕೊಡುವ ಜೂನೋ ಪ್ರಶಸ್ತಿಗಳ ಸಮಾರಂಭದಲ್ಲಿ ಅವರು ಮಾತಾಡುತ್ತಿದ್ದಾಗ ಸಮಯ ಮೀರಿತೆಂದು ವಾದ್ಯ ನುಡಿಸಿ ಮಾತನ್ನು ತಡೆಯಲಾಯಿತು. ಬಳಿಕ ರಾಕ್ ವಿಭಾಗದಲ್ಲಿ ಗೆದ್ದ ಆರ್ಕೆಲ್ಸ್ ತಂಡದವರು ತಮ್ಮ ಪಾಲಿನ ಸಮಯವನ್ನು ಅವರಿಗೆ ಬಿಟ್ಟುಕೊಟ್ಟರು. ಅವರು ಅದನ್ನು ಧನ್ಯವಾದ ಹೇಳಲು ಬಳಸದೆ, ಮೂಲನಿವಾಸಿಗಳ ನೆಲದಲ್ಲಿ ಬಂದೂಕಿನ ಬಲದಿಂದ ಹಾಯಿಸುವ ಪೈಪ್‌ಲೈನುಗಳ ಬಗ್ಗೆ, ಅಲ್ಲಿ ಇನ್ನೂ ಕುದಿಸಿಯೇ ಕುಡಿಯಬೇಕಾದ ನೀರಿನ ಬಗ್ಗೆ ಪ್ರಧಾನಿಯನ್ನು ಉದ್ದೇಶಿಸಿ ಮಾತಾಡಿದರು. ಪ್ರಶಸ್ತಿಯ ಋಣಕ್ಕೆ ಬಾಗಿದವರ ನಡೆ ಇದಲ್ಲ.

ನಿಮ್ಮ ಪತ್ರದಲ್ಲಿ ಬಾರದ, ಆದರೆ ನಿಮ್ಮ ವಾದಕ್ಕೆ ಕೊಂಚ ಬಲ ಕೊಡಬಹುದಾದ ಒಂದು ಸಂಗತಿಯನ್ನು ಮುಚ್ಚಿಡಬಾರದು. 2023ರಲ್ಲಿ ಬಂದ ಅವರ ಎರಡನೆಯ ಆಲ್ಬಮ್ ‘ಮೊತೆವೊಲೊನುವೊಕ್’ನಲ್ಲಿ ಇಂಗ್ಲಿಷ್ ಹಾಡುಗಳಿವೆ, ಮತ್ತು ಅದನ್ನು ಮಾಂಟ್ರಿಯಲ್‌ನ ಒಂದು ಸ್ವತಂತ್ರ ಸಂಸ್ಥೆ ಹೊರತಂದಿದೆ. ಹಾಗಾದರೆ ಮೊದಲಿನ ನಿಲುವು ಸಡಿಲಾಯಿತೇ? ನನಗೆ ಹಾಗೆ ಕಾಣುವುದಿಲ್ಲ. ಇಲ್ಲಿ ಮೇಣದ ಉರುಳೆಯ ಊರುಗೋಲಿಲ್ಲದೆ ಅವರು ತಮ್ಮದೇ ಸಾಲುಗಳನ್ನು ಬರೆದಿದ್ದಾರೆ. ಮೂಲನಿವಾಸಿ ಎಳೆಯರ ಆತ್ಮಹತ್ಯೆಗಳನ್ನು ಕುರಿತ ಹಾಡನ್ನು ಇಂಗ್ಲಿಷಿನಲ್ಲಿ ಹಾಡಿದ್ದಾರೆ, ಯಾಕೆಂದರೆ ಅದನ್ನು ಕೇಳಿಸಿಕೊಳ್ಳಬೇಕಾದವರು ಆ ನುಡಿಯಲ್ಲಿ ಬದುಕುವವರು. ಯಾವ ಮಾತು ಯಾರಿಗೆ ಎಂಬ ಆಯ್ಕೆ ಎರಡೂ ಸಲ ಅವರದೇ. ಆ ಆಲ್ಬಮ್ಮಿಗೆ 2024ರಲ್ಲಿ ಮತ್ತೆ ಪೊಲಾರಿಸ್ ಬಂತು. ಅದನ್ನು ಎರಡು ಬಾರಿ ಪಡೆದ ಮೊದಲಿಗರು ಅವರು.

ಯಾವ ಹಾಡಿನಿಂದ ಕೇಳತೊಡಗಬೇಕು ಎಂದು ಪತ್ರದ ಕೊನೆಯಲ್ಲಿ ವಿಚಾರಿಸಿದ್ದೀರಿ. ಆಕ್ಷೇಪದ ನಡುವೆಯೂ ಕೇಳುವ ಮನಸ್ಸಿಟ್ಟುಕೊಂಡದ್ದಕ್ಕೆ ಕೃತಜ್ಞತೆಗಳು. ಮೊದಲ ಆಲ್ಬಮ್ಮಿನ ಮೊದಲ ಹಾಡು ‘ಮೆಹ್ಚಿನುತ್’, ಸಾವಿನ ಹಾಡು, ಅದರಿಂದಲೇ ತೊಡಗಿ. ಮನೆಯಲ್ಲಿ ಸದ್ದು ಅಡಗಿದ ಮೇಲೆ ಕೇಳಿ, ಯಾಕೆಂದರೆ ಪಿಯಾನೊ ಮತ್ತು ಡಚರ್ ಅವರ ತುಂಬುದನಿಯ ನಡುವೆ ಮೇಣದ ಮೇಲಿನ ಆ ಹಳೆಯ ದನಿ ತುಂಬಾ ಸಣ್ಣದಾಗಿದೆ.

– ಸಂಪಾದಕ