ಅಡಿಕೆ ಚೂರು ನೆತ್ತಿಗೆ ಹತ್ತಿ 3 ವಾರ ಆಯ್ತು. ಎಕ್ಸ್‌ರೇ ಸರಿ ಇದೆ, ಕೆಮ್ಮು ಹೋಗ್ತಿಲ್ಲ. ಯಾವ ಸಿರಪ್ ಒಳ್ಳೇದು?

ಸಿರಪ್ ಹೆಸರು ಕೇಳಲೇಬೇಡಿ. 2 ವರ್ಷದ ಹಿಂದೆ ಬಾಗಲಕೋಟೆಯ ಔಷಧಿ ಅಂಗಡಿಗಳಲ್ಲಿ ನಾನೂ ಅದನ್ನೇ ಕೇಳುತ್ತಾ ತಿರುಗಿದ್ದೆ.

ಜನವರಿ, ಬನಶಂಕರಿ ಜಾತ್ರೆ. ರಾತ್ರಿ ಕಂಪನಿ ನಾಟಕಕ್ಕೆ ಕೂತಿದ್ದೆವು. ಹಾಸ್ಯದ ಪಾತ್ರದವನು ಬಂದ, ಬಾಯಿ ತುಂಬ ಶೇಂಗಾ ಇಟ್ಟುಕೊಂಡೇ ನಕ್ಕೆ. ನೆತ್ತಿಗೆ ಹತ್ತಿತು. ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮು. ಕಾಕಾ ಬೆನ್ನು ತಟ್ಟಿ, ‘ಯಾರೋ ನೆನಸ್ಯಾರ ತಗೋ’ ಅಂದರು. ಕೆಮ್ಮು ನಿಂತಿತು, ನಾಟಕ ಪೂರ್ತಿ ನೋಡಿದೆ. (ಚೆನ್ನಾಗಿತ್ತು, ಅದು ಬೇರೆ ಮಾತು.)

ವಾರದ ಮೇಲೆ ಮತ್ತೆ ಕೆಮ್ಮು. ಡಾಕ್ಟರು ಯಾವಾಗಿಂದ ಅಂತ ಕೇಳಿದರು. ‘ಜಾತ್ರೆಗೆ ಹೋಗಿದ್ದೆ ಸರ್, ಧೂಳು’ ಅಂದೆ. ನಾನು ಕೆಟ್ಟಿದ್ದು ಇಲ್ಲೇ. ಸುಳ್ಳೇನೂ ಹೇಳಿರಲಿಲ್ಲ, ಧೂಳಿತ್ತು. ಆದರೆ ಶೇಂಗಾ ವಿಷಯ ಬಾಯಿಗೇ ಬರಲಿಲ್ಲ. ನನ್ನ ಲೆಕ್ಕದಲ್ಲಿ ಅದು ಅವತ್ತೇ ಮುಗಿದಿತ್ತು. ಕೆಮ್ಮು ನಿಂತಿತು ಅಂದರೆ ಹೊರಗೆ ಬಂತು ಅಂದುಕೊಂಡಿದ್ದೆ. ಹಾಗಲ್ಲ. ಚೂರು ಕೆಳಗಿಳಿದು ಒಂದು ಕಡೆ ಕೂತರೂ ಕೆಮ್ಮು ಸುಮ್ಮನಾಗುತ್ತದೆ. ಧೂಳು ಅಂದಿದ್ದಕ್ಕೆ ಅಲರ್ಜಿ ಗುಳಿಗೆ ಬಂತು, ಆಮೇಲೆ ಅಸ್ತಮಾ ಅಂತ ಇನ್‌ಹೇಲರ್, ಜ್ವರ ಬಂದಾಗ ನ್ಯುಮೋನಿಯಾ. ಕಫ ಟಿಬಿ ಪರೀಕ್ಷೆಗೂ ಹೋಯಿತು. ಎರಡನೇ ಡಾಕ್ಟರಿಗೂ ಧೂಳು ಅಂದೆ, ಮೂರನೆಯವರಿಗೂ ಅದೇ. ಹೇಳಿ ಹೇಳಿ ನಾನೇ ನಂಬಿಬಿಟ್ಟಿದ್ದೆ.

ಏಪ್ರಿಲ್‌ನಲ್ಲಿ ಮತ್ತೆ ನ್ಯುಮೋನಿಯಾ, ಅದೇ ಬಲಗಡೆ, ಅದೇ ಜಾಗ. ಬೆಳಗಾವಿಯಲ್ಲಿ ಒಬ್ಬ ಎದೆರೋಗದ ಡಾಕ್ಟರು ಎರಡೂ ಸಲದ ಎಕ್ಸ್‌ರೇ ಫಿಲ್ಮ್ ಪಕ್ಕಪಕ್ಕ ಹಿಡಿದು, ‘ಏನರ ತಿನ್ನುವಾಗ ನೆತ್ತಿಗೆ ಹತ್ತಿತ್ತೇನ್ರಿ?’ ಅಂದರು. ನಾಟಕದ ಟೆಂಟ್ ಆಗ ನೆನಪಾಯಿತು! ಬ್ರಾಂಕೋಸ್ಕೋಪಿ ಮಾಡಿದರು. ಗಂಟಲು ಮರಗಟ್ಟಿಸಿ, ಮೂಗಿನಿಂದ ತೆಳು ಕೊಳವೆ ಇಳಿಸಿ ನೋಡಿದರೆ ಅರ್ಧ ಶೇಂಗಾ ಬೇಳೆ, ಸುತ್ತ ಬೆಳೆದ ಮಾಂಸ. ಬಲಗಡೆಯ ಶ್ವಾಸನಾಳ ಅಗಲ, ಜಾಸ್ತಿ ನೇರ. ಅದಕ್ಕೇ ಬಿದ್ದದ್ದು ಅಲ್ಲಿಗೇ ಹೋಗೋದು ಹೆಚ್ಚಂತೆ.

ನಿಮ್ಮ ಎಕ್ಸ್‌ರೇ ನಂಬಿ ಕೂರಬೇಡಿ. ಸೂಜಿ, ನಾಣ್ಯ ಆದರೆ ಕಾಣುತ್ತದೆ. ಅಡಿಕೆ, ಶೇಂಗಾ ಸಾಮಾನ್ಯವಾಗಿ ಕಾಣುವುದಿಲ್ಲ. ಅನ್ನದ ಉಂಡೆ ನುಂಗು ಅನ್ನುವವರ ಮಾತೂ ಬೇಡ, ಅದು ಇಳಿಯೋದು ಅನ್ನನಾಳಕ್ಕೆ, ನಿಮ್ಮ ಅಡಿಕೆ ಇರಬಹುದಾದ್ದು ಶ್ವಾಸನಾಳದಲ್ಲಿ. ಎದೆರೋಗದ ಡಾಕ್ಟರ ಹತ್ತಿರ ಹೋಗಿ, ಅವರು ಕೇಳುವ ಮೊದಲೇ ಅಡಿಕೆ ವಿಷಯ ಹೇಳಿ, ಯಾವ ದಿನ ಅನ್ನುವುದನ್ನೂ. ಸಿಟಿ ಸ್ಕ್ಯಾನ್ ಬೇಕಾ, ಬ್ರಾಂಕೋಸ್ಕೋಪಿ ಬೇಕಾ ಅವರು ನೋಡುತ್ತಾರೆ. ಉಸಿರು ಕಟ್ಟಿದರೆ, ಕಫದಲ್ಲಿ ರಕ್ತ ಕಂಡರೆ ಅಪಾಯಿಂಟ್‌ಮೆಂಟ್ ಅಂತ ಕಾಯಬೇಡಿ, ಅವತ್ತೇ ಹೊರಡಿ.