ತೊರಗಲ್ಲು ಕೋಟೆಗೆ ಹೊರಟವರಿಗೆ

ಸರ್, ಬಾದಾಮಿ, ಪಟ್ಟದಕಲ್ಲು ನೋಡಿ ಆಯ್ತು, ಗದ್ದಲ ಇಲ್ಲದ ಹೊಳೆ ದಂಡೆಯ ಕೋಟೆ ಊರು ಹೇಳಿ, ಜೊತೆಗೆ ವಯಸ್ಸಾದ ಅಪ್ಪ ಅಮ್ಮ ಇರುತ್ತಾರೆ ಅಂತ ಕೇಳಿದ್ದೀರಿ. ತೊರಗಲ್ಲಿಗೆ ಹೋಗಿ. ಬೆಳಗಾವಿ ಜಿಲ್ಲೆ, ರಾಮದುರ್ಗ ತಾಲ್ಲೂಕು. ಪಟ್ಟದಕಲ್ಲಿನಲ್ಲಿ ನೋಡಿದ ಅದೇ ಮಲಪ್ರಭೆ ಇಲ್ಲಿಯೂ ಇದೆ.

ಇದು ಗುಡ್ಡದ ಕೋಟೆ ಅಲ್ಲ, ಹಾಗಾಗಿ ಹಿರಿಯರಿಗೆ ಹತ್ತುವ ಕಷ್ಟ ಇಲ್ಲ. ಆದರೆ ಒಂದು ಮಾತು. ಕೋಟೆಯೊಳಗೆ ಊರಿದೆ, ಜನ ಬಾಳುತ್ತಿದ್ದಾರೆ. ಗೋಡೆ, ಹುಡೇವು (ಬುರುಜು) ನೋಡುತ್ತಾ ಹೋದರೆ ಯಾರದೋ ಮನೆಯ ಅಂಗಳಕ್ಕೇ ಬಂದಿರುತ್ತೀರಿ. ಫೋಟೊ ತೆಗೆಯುವ ಮೊದಲು ಒಂದು ಮಾತು ಕೇಳಿ. ಮಾತಾಡಿಸಿದರೆ ಊರಿನ ಹಿರಿಯರೇ ದಾರಿ ತೋರಿಸುತ್ತಾರೆ. ಯಾವ ಫಲಕಕ್ಕಿಂತಲೂ ಅದು ಮೇಲು.

ಇಲ್ಲಿನ ಭೂತನಾಥ ಗುಡಿಗೆ ಸಾಕಷ್ಟು ಸಮಯ ಇಡಿ. ಹಳೆಯ ಶಾಸನಗಳಲ್ಲಿ ತೊರಗಲೆ ನಾಡು ಅಂತ ಬರುವುದು ಈ ಸೀಮೆಯೇ. ಮರಾಠರ ಕಾಲದಲ್ಲಿ ಇದು ಶಿಂದೆ ಮನೆತನದ ಜಹಗೀರು, ಅವರಿಗೆ ಸೇನಾಖಾಸಖೇಲ್ ಅನ್ನುವ ಬಿರುದು. ಆ ಜಹಗೀರು ಕೊಲ್ಲಾಪುರ ಸಂಸ್ಥಾನದ ಕೈಕೆಳಗಿತ್ತು. 1949ರಲ್ಲಿ ಕೊಲ್ಲಾಪುರ ಮುಂಬಯಿ ಪ್ರಾಂತ್ಯಕ್ಕೆ ಸೇರಿತು, 1956ರಲ್ಲಿ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಚಾಲುಕ್ಯರ ನಾಡಿನ ಈ ಕನ್ನಡದ ಊರಿನಲ್ಲಿ ಮರಾಠಿ ದೊರೆಗಳ ನೆನಪು ಉಳಿದಿರುವುದು ಹೀಗೆ. ಪಟ್ಟದಕಲ್ಲಿನಲ್ಲಿ ಇಂಥದ್ದು ಕಾಣಲ್ಲ. ನನಗೆ ತೊರಗಲ್ಲು ಜಾಸ್ತಿ ಇಷ್ಟವಾಗುವುದೂ ಅದಕ್ಕೇ.

ಹೊಳೆ ವಿಷಯದಲ್ಲಿ ಮಾತ್ರ ಹುಷಾರು. ಮೇಲ್ಗಡೆ ನವಿಲುತೀರ್ಥದ ಅಣೆಕಟ್ಟಿದೆ. ಮಳೆಗಾಲದಲ್ಲಿ ಗೇಟು ತೆಗೆದರೆ ಇಲ್ಲಿ ಮೋಡವೇ ಇಲ್ಲದಿದ್ದರೂ ನೀರು ಏರುತ್ತದೆ. 2019ರ ಆಗಸ್ಟ್‌ನಲ್ಲಿ ರಾಮದುರ್ಗಕ್ಕೇ ನೀರು ನುಗ್ಗಿತ್ತು. ಮಕ್ಕಳನ್ನು ನೀರಿಗೆ ಬಿಡಬೇಡಿ. ಎರೆ ಮಣ್ಣಿನ ಸೀಮೆ ಬೇರೆ, ಮಳೆ ಬಿದ್ದರೆ ಕಾಲು ಕೀಳುವುದೇ ಕಷ್ಟ. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಮಾರ್ಚ್ ಆದ ಮೇಲೆ ಬಿಸಿಲು ಹಿರಿಯರಿಗೆ ಆಗಿಬರಲ್ಲ.

ಉಳಿಯಲು ರಾಮದುರ್ಗವೇ ವಾಸಿ. ಬೆಳಿಗ್ಗೆ ಅಲ್ಲೇ ಖಾನಾವಳಿಯಿಂದ ರೊಟ್ಟಿ, ಪಲ್ಯ ಕಟ್ಟಿಸಿಕೊಳ್ಳಿ, ನೀರು ಜಾಸ್ತಿ ಇರಲಿ. ಬಸ್ಸಿಗೆ ಹೋಗುವುದಾದರೆ ವಾಪಸ್ ಬಸ್ಸಿನ ಹೊತ್ತು ಇಳಿದ ಕೂಡಲೇ ಕಂಡಕ್ಟರ್ ಹತ್ತಿರ ಕೇಳಿಟ್ಟುಕೊಳ್ಳಿ. ಸ್ವಂತ ಗಾಡಿ ಇದ್ದರೆ ಗೊಡಚಿ ವೀರಭದ್ರನ ದರ್ಶನವೂ ಆಗುತ್ತದೆ. ಹೊಸ್ತಿಲ ಹುಣ್ಣಿಮೆಗೆ ಅಲ್ಲಿ ದೊಡ್ಡ ಜಾತ್ರೆ. ಗದ್ದಲ ಬೇಡ ಅಂದಿದ್ದೀರಲ್ಲ, ಡಿಸೆಂಬರಿಗೆ ಹೋಗುವುದಾದರೆ ಆ ವಾರ ಬಿಟ್ಟು ಹೊರಡಿ. ಸವದತ್ತಿ ಕಡೆಯಿಂದ ಬರುವುದಾದರೆ ಮುನವಳ್ಳಿಯಲ್ಲೂ ಇದೇ ಹೊಳೆಯ ದಂಡೆಗೆ ಇನ್ನೊಂದು ಕೋಟೆ ಇದೆ, ಅರ್ಧ ದಿನ ಕೈಯಲ್ಲಿದ್ದರೆ ನೋಡಿ.